ಬಲಗಡೆಯ ಪಾಲು

ನನಗೆ ಸಿಟ್ಟು ಬೇಗ. ನಮ್ಮ ಹಳೇ ಕಂಪ್ಯೂಟರಿನ ಮೇಲಂತೂ ದಿನಾ ಬರುತ್ತಿತ್ತು. ಸವಣೂರಿನ ನಮ್ಮ ಮನೆಯ ಮುಂದಿನ ಖೋಲಿಯೇ ಡಿಟಿಪಿ ಅಂಗಡಿ. ಲಗ್ನಪತ್ರಿಕೆ ಟೈಪು ಮಾಡಿಕೊಡುವುದು ಕಸುಬು. ಕನ್ನಡ ನನ್ನದು, ಉರ್ದು ಆಪಾಳದು. ಆಪಾ ಎಂದರೆ ನನ್ನ ಅಕ್ಕ ಸುಮೇರಾ. ಒಂದೇ ಕಂಪ್ಯೂಟರಿನ ಮುಂದೆ ನಾನು ಎಡಕ್ಕೆ, ಅವಳು ಬಲಕ್ಕೆ ಕೂರುತ್ತಿದ್ದೆವು. ಹೋದ ವರ್ಷ ಅವಳ ನಿಕಾಹ್ ಆಗಿ ಶಿಗ್ಗಾವಿಗೆ ಹೋದಳು. ಬಸ್ಸು ಹತ್ತಿದರೆ ತಾಸಿನೊಳಗಿನ ದಾರಿ. ಆದರೂ ಹೋದವಳು ಹೋದಳು.

ಊಟಕ್ಕೂ ನಮ್ಮದು ಒಂದೇ ತಾಟು. ಚಿಕ್ಕವರಿದ್ದಾಗ ನಮ್ಮ ಜಗಳ ಬಿಡಿಸಿ ಸಾಕಾಗಿ ಅಮ್ಮಾ ಅನ್ನದ ನಡುವೆ ಬೆರಳಿನಿಂದ ಗೆರೆ ಎಳೆಯುತ್ತಿದ್ದಳು. ದಾಟಿದವರ ಕೈಗೆ ಏಟು, ಆಮೇಲೆ ಮನೆ ತುಂಬ ರಂಪ. ದೊಡ್ಡವರಾದ ಮೇಲೂ ತಾಟು ಬದಲಾಗಲಿಲ್ಲ, ರಂಪವೂ ನಿಲ್ಲಲಿಲ್ಲ. ಈಗ ಒಬ್ಬಳೇ ಕೂತರೂ ಎಡಗಡೆಯಷ್ಟೇ ಬಡಿಸಿಕೊಂಡು ಉಣ್ಣುತ್ತೇನೆ.

"ಆ ಕಡೆ ಏನ್ ದೆವ್ವ ಉಣ್ಣತೈತೇನ?" ಎಂದು ಅಮ್ಮಾ ಗದರುತ್ತಾಳೆ.

ಒಂದು ಪತ್ರಿಕೆ ತೆರೆಯುವಷ್ಟರಲ್ಲಿ ಚಹಾ ಕುಡಿದು ಬರುವಂತಾದಾಗ, ಕಂಪ್ಯೂಟರಿನಲ್ಲಿದ್ದುದನ್ನು ಪೂರಾ ಅಳಿಸಿ, ಹಳೇ ಯಂತ್ರದಲ್ಲೂ ಹಗುರಾಗಿ ಓಡುವ ಲಿನಕ್ಸ್ ಹಾಕಿದೆ. ಅದರಲ್ಲೂ ತೀರಾ ಬಡಕಲು ಲಿನಕ್ಸ್. ಚಿತ್ರವಿಲ್ಲ, ಐಕಾನಿಲ್ಲ, ಬರೀ ಕರಿ ಪರದೆ. ಅದರ ಮೇಲೆ ಟೈಲಿಂಗ್ ವಿಂಡೋ ಮ್ಯಾನೇಜರ್ ಎಂಬ ಸಣ್ಣ ಪ್ರೋಗ್ರಾಂ. ಅದರ ನೇಮದಲ್ಲಿ ಒಂದು ಕಿಟಕಿ ಇನ್ನೊಂದರ ಮೇಲೆ ಏರುವಂತಿಲ್ಲ. ಎರಡು ತೆರೆದರೆ ಅರ್ಧರ್ಧ. ಒಂದನ್ನು ಮುಚ್ಚಿದರೆ ಉಳಿದದ್ದು ಪರದೆ ತುಂಬ ಹರಡುತ್ತದೆ. ಇದನ್ನು ಮಾಡಿದವನ ತಾಯಿಯೂ ತಾಟಿನಲ್ಲಿ ಗೆರೆ ಎಳೆದಿರಬೇಕು ಎಂದು ನಕ್ಕೆ.

ಮೊದಲ ದಿನ ನನ್ನ ಕನ್ನಡ ಪತ್ರಿಕೆ ಒಂದೇ ಇಡೀ ಪರದೆಗೆ ಕಾಲು ಚಾಚಿಕೊಂಡಿತು. ನನಗೆ ಅದು ಸೇರಲಿಲ್ಲ. ಕೂತು ಸೆಟ್ಟಿಂಗ್ ಬರೆದೆ. ಕಂಪ್ಯೂಟರು ಶುರುವಾದ ಕೂಡಲೇ ಎಡಕ್ಕೆ ಕನ್ನಡ ತೆರೆಯಬೇಕು, ಬಲಕ್ಕೆ ಉರ್ದು ಬರೆಯುವ ಖಾಲಿ ಹಾಳೆ. ಆಪಾಳಿಗೆ ಹಿಡಿಸುವ ಅಕ್ಷರಶೈಲಿಯನ್ನೇ ಹುಡುಕಿ ಹಾಕಿದೆ. ವಾರಕ್ಕೆ ಎರಡು ದಿನವಾದರೂ ಅವಳು ಬಂದು ಕೂರುತ್ತಾಳೆ ಎಂದು ನನ್ನಷ್ಟಕ್ಕೆ ನಾನೇ ನಂಬಿದ್ದೆ. ಫೋನಿನಲ್ಲಿ ಕೇಳುವ ಧೈರ್ಯ ಮಾತ್ರ ಬರಲಿಲ್ಲ. ಇಲ್ಲ ಎಂದುಬಿಟ್ಟರೆ?

ಭಾನುವಾರ ಆಪಾ ಬಂದಳು. ಬುರ್ಖಾ ತೆಗೆಯುವುದಕ್ಕೂ ಬಿಡದೆ ಎಳೆದು ತಂದು ಬಲಗಡೆಯ ಸ್ಟೂಲಿನ ಮೇಲೆ ಕೂರಿಸಿದೆ.

"ಮೌಸ್ ಎಲ್ಲೈತಿ?" ಎಂದಳು.

"ಮೌಸ್ ಬ್ಯಾಡ. ಈ ಕೀ ಹಿಡದು ಬಾಣದ ಗುರುತು ಒತ್ತು, ಕರ್ಸರ್ ನಿನ್ನ ಕಡೆ ಹೊಕ್ಕೈತಿ."

"ನನ್ನ ಕಡೆ?"

"ಹೂಂ. ಅದು ನಿಂದ. ವಾರದಾಗ ಎರಡ ದಿನ ಬಾ ಆಪಾ."

ಅವಳು ಆ ಖಾಲಿ ಹಾಳೆಯನ್ನು ನೋಡಿದಳು. "ಅಲ್ಲೇ ಒಂದ ಸಾಲ್ಯಾಗ ಉರ್ದು ಕಲಸಾಕತ್ತೇನಿ, ಶಾಹೀನ. ಹುಡುಗರು ಭಾಳ ಹಚಗೊಂಡಾವ. ಅದನ್ನ ಹೇಳಾಕಂತನ ಬಂದೆ." ಆಮೇಲೆ ಮೆಲ್ಲಗೆ ಕೇಳಿದಳು, "ಇದನ್ನ ಮುಚ್ಚೂದು ಹೆಂಗ?"

ಹೇಗೆ ಎಂದು ನಾನೇ ಹೇಳಿಕೊಟ್ಟೆ. ಅವಳು ಒತ್ತಿದಳು. ನನ್ನ ಕನ್ನಡ ಈ ತುದಿಯಿಂದ ಆ ತುದಿಗೆ ಹರಡಿತು.

"ಈಗ ಪೂರಾ ನಿಂದ," ಎಂದು ನಕ್ಕಳು. ನನಗೆ ಅಳು ಬಂತು. ಅದನ್ನು ನುಂಗಿಕೊಂಡು ಊಟಕ್ಕೆ ಎದ್ದೆ.

ಅಮ್ಮಾ ದೊಡ್ಡ ತಾಟಿನಲ್ಲಿ ಬಡಿಸಿ, ರೂಢಿಯಂತೆ ಗೆರೆ ಎಳೆದು ಒಳಗೆ ಹೋದಳು. ಎರಡು ತುತ್ತು ಉಂಡು ಆಪಾ ಗೆರೆ ದಾಟಿ ಕೈ ಹಾಕಿದಳು, ನನ್ನ ಪಾಲಿನ ಮಾಂಸದ ದೊಡ್ಡ ತುಂಡಿಗೇ. ಅಪರೂಪಕ್ಕೆ ಬಂದಿದ್ದಾಳೆ, ತಿನ್ನಲಿ ಎಂದುಕೊಂಡೆ.

ಆಪಾಳ ಕೈ ಅಲ್ಲೇ ನಿಂತಿತು. "ಯಾಕ, ಹೊಡಿಯಂಗಿಲ್ಲೇನ?"

"ತಿನ್ನು ಆಪಾ."

ಅವಳ ಕಣ್ಣು ತುಂಬಿತು. "ನನ್ನ ಮನಿಗೆ ಬಂದ ಬೀಗರ ಮಾಡಿಬಿಟ್ಟೆಲ್ಲ ಶಾಹೀನ."

ಪರದೆಯ ಬಲಗಡೆ ಮುಚ್ಚಿದವಳು ಅವಳು, ಆದರೆ ಹೊಡೆಯದೆ ಬಿಟ್ಟು ತಾಟಿನಲ್ಲಿ ಅವಳ ಪಾಲನ್ನು ತೆಗೆದದ್ದು ಈಗ ನಾನು. ಕೈಯೆತ್ತಿ ಅವಳ ಮುಂಗೈಗೆ ಬಾರಿಸಿದೆ. ಏಟು ಜೋರಾಗಿಯೇ ಬಿತ್ತು.

"ಕಳ್ಳಿ! ನಿನ್ನ ಕಡೆ ಉಣ್ಣು."

ಅವಳು ಅಳುತ್ತಲೇ ತುಂಡು ಕಸಿದುಕೊಂಡಳು. ನಾನು ಅವಳ ಮಣಿಕಟ್ಟು ಹಿಡಿದು ಎಳೆದೆ. ಒಳಗಿನಿಂದ ಅಮ್ಮಾ ಕೂಗಿದಳು: "ಮತ್ತ ಸುರು ಆತೇನ ನಿಮ್ಮಿಬ್ಬರದು?"