ಶಶಿರೇಖಾ ಪಟ್ಟು ಹಿಡಿದ ರಾಗ

ಮೂರನೇ ಹಿಡಿ ಮಣ್ಣನ್ನು ಗುಂಡಿಗೆ ಹಾಕಿ ತಲೆಯೆತ್ತಿದ ಮಹದೇವು, ಹೊಂಗೆ ಮರದ ಬುಡದಲ್ಲಿ ಕರ್ಚೀಫನ್ನು ಬಾಯಿಗೊತ್ತಿಕೊಂಡು ಅಳುತ್ತಿದ್ದವನನ್ನು ಕಂಡು ಹಾಗೇ ನಿಂತುಬಿಟ್ಟ. ಮೂವತ್ತೈದರ ಆಸುಪಾಸು. ನೆಂಟನಲ್ಲ, ಊರವನಲ್ಲ. ತನ್ನ ಹೆಂಡತಿಯ ಮಣ್ಣಿಗೆ ಬಂದು ತನಗಿಂತ ಹೆಚ್ಚು ಅಳುವ ಈ ಗಂಡಸು ಯಾರು?

ಅಕ್ಕ ಇಂದ್ರಮ್ಮ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು. “ಯಾರ್ಲಾ ಅವ್ನು? ಬೆಳಿಗ್ಗೆಯಿಂದ ನೋಡ್ತಾವ್ನಿ, ಯಾರ್ ತಾವೂ ಮಾತಾಡ್ನಿಲ್ಲ.”

“ಗೊತ್ತಿಲ್ಲ ಬುಡಕ್ಕ,” ಎಂದ. ಆ ಫೋನಿನವನು ಇವನೇ ಎಂದು ಒಳಗೊಳಗೇ ಅನ್ನಿಸುತ್ತಿತ್ತು.

*

ಶಶಿರೇಖಾ ಮಂಡ್ಯದಲ್ಲಿ ಕಾಲೇಜಿನ ಎದುರು ಬಹಳ ವರ್ಷ ಸೈಬರ್ ಸೆಂಟರ್ ನಡೆಸಿದ್ದಳು. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಅದು ಜೆರಾಕ್ಸ್ ಅಂಗಡಿಯಾಯಿತು. ಮಹದೇವು ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಭತ್ತದ ತಾಕು ನೋಡಿಕೊಳ್ಳುವ ನೌಕರ. ಹೋದ ವರ್ಷ ಒಂದು ಮಧ್ಯಾಹ್ನ ಜ್ವರವೆಂದು ಬೇಗ ಮನೆಗೆ ಬಂದಾಗ, ಅವಳು ಅಡುಗೆಮನೆಯಲ್ಲಿ ನಗುತ್ತಾ ಫೋನಿನಲ್ಲಿ ಮಾತಾಡುತ್ತಿದ್ದಳು.

“ಅದ ಕೇಳುದ್ರೆ ನಂಗೆ ಅಳು ಬತ್ತದೆ ಕಣೊ. ನೀನ್ ಏನಾರ ಯೋಳು, ನಾನು ಮೊದಲ್ನೇದ ಬುಟ್ಕೊಡಕಿಲ್ಲ.”

ಗಂಡನನ್ನು ಕಂಡದ್ದೇ ಫೋನು ಇಟ್ಟಳು. ಯಾರೆಂದು ಕೇಳಿದ್ದಕ್ಕೆ ಹಳೇ ಗಿರಾಕಿ, ಹಾಡಿನ ವಿಷಯ ಎಂದಳು. ಯಾವ ಹಾಡು ಎಂದರೆ, ನಿಮಗೆ ತಿಳಿಯಲ್ಲ ಬಿಡಿ ಎಂದು ಅನ್ನಕ್ಕೆ ಎಸರಿಟ್ಟಳು. ಅಂದಿನಿಂದ ಅವಳ ಫೋನು ಸದ್ದು ಮಾಡಿದಾಗಲೆಲ್ಲ ಮಹದೇವು ಊಟ ನಿಲ್ಲಿಸಿ ಕಿವಿಗೊಡುತ್ತಿದ್ದ. ಮತ್ತೆ ಕೇಳಲು ಬಾಯಿ ಬರಲಿಲ್ಲ. ನಿನ್ನೆ ಬೆಳಿಗ್ಗೆ ಎದೆನೋವೆಂದವಳು ಮಧ್ಯಾಹ್ನಕ್ಕೆ ಇರಲಿಲ್ಲ.

*

ಜನ ನಾಲೆಯಲ್ಲಿ ಕೈಕಾಲು ತೊಳೆಯತೊಡಗಿದಾಗ ಮಹದೇವು ಆ ಗಂಡಸಿನ ತೋಳು ಹಿಡಿದು ತೂಬಿನ ಹತ್ತಿರಕ್ಕೆ ಕರೆದೊಯ್ದ.

“ನಿಂಗೂ ಅವಳ್ಗೂ ಏನಿತ್ತು?”

ಅವನು ಬೆಚ್ಚಿದ. ಹೆಸರು ಯತೀಶ್, ಮದ್ದೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಎಂದ. ಕಾಲೇಜಿಗೆ ಚಕ್ಕರ್ ಹೊಡೆದು ಶಶಿರೇಖಕ್ಕನ ಸೈಬರಿನಲ್ಲಿ ಕಂಪ್ಯೂಟರ್ ಆಟ ಆಡುತ್ತಿದ್ದನಂತೆ. ಕತ್ತಿ ಹಿಡಿದ ಹುಡುಗನೊಬ್ಬ ಊರಿಂದೂರಿಗೆ ಅಲೆಯುವ ಹಳೇ ಕಾಲದ ಆಟಗಳು. ಅವುಗಳಲ್ಲಿ ಊರಿಗೊಂದು, ಕಾಳಗಕ್ಕೊಂದು ರಾಗ. ಗಿರಾಕಿಗಳಿಲ್ಲದಾಗ ಅಕ್ಕನೂ ಆಡಲು ಕಲಿತರಂತೆ. ಮೊದಲನೇ ಆಟದ ಸಂಗೀತ ಮೇಲೋ, ಎರಡನೆಯದರದೋ ಎಂದು ಆಗಿನಿಂದಲೂ ಇಬ್ಬರಿಗೂ ಜಗಳ.

“ಅಕ್ಕ ಅಂತೀಯ,” ಎಂದ ಮಹದೇವು. “ಆಟದ್ ರಾಗಕ್ಕೆ ಯಾವ ಎಂಗ್ಸು ಅತ್ತಾಳು?”

ಯತೀಶ್ ಫೋನು ತೆಗೆದು, ಇಯರ್‌ಫೋನಿನ ಒಂದು ತುದಿಯನ್ನು ಅವನ ಕಿವಿಗೆ ಸಿಕ್ಕಿಸಿದ.

ಮೊದಲನೆಯದು ಮಕ್ಕಳ ಪೀಪಿಯಂತೆ ಸಣ್ಣಗಿತ್ತು. ಮೂರು ದನಿಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತಿದ್ದವು. ಎರಡನೆಯದರಲ್ಲಿ ಪಿಟೀಲುಗಳ ಹಿಂಡು. ಮಹದೇವು ಒಂದು ಗಂಡುದನಿಗಾಗಿ, ಒಂದು ಪ್ರೀತಿಯ ಮಾತಿಗಾಗಿ ಹೊಂಚಿ ಕಾದ. ಪದವೇ ಇರಲಿಲ್ಲ.

“ಅವಳ್ದು ಯಾವ್ದು?”

“ಮೊದಲ್ನೇದು. ‘ಇದ್ರ ರಾಗ ಮಾಡ್ದೋನು ಮೂರೇ ದನೀಲಿ ಒಂದು ಊರ ಕಟ್ಟವ್ನೆ, ನಿನ್ನೋರು ದಂಡೇ ಕರ್ಕಬಂದವ್ರೆ’ ಅನ್ನೋರು.”

ಆ ಮಾತಿನ ವರಸೆ ಅವಳದೇ. ತನ್ನೆದುರು ಮಾತ್ರ ಅವಳು ಇಂಥದ್ದೊಂದನ್ನೂ ಆಡಿರಲಿಲ್ಲ. ಆ ಹೊಟ್ಟೆಕಿಚ್ಚು ವರ್ಷದ ಅನುಮಾನಕ್ಕಿಂತ ಹೆಚ್ಚು ಸುಟ್ಟಿತು. ಮಹದೇವು ತೂಬಿನ ಕಟ್ಟೆಯ ಮೇಲೆ ಕೂತು, ಕಾಲನ್ನು ನೀರಿಗೆ ಇಳಿಬಿಟ್ಟ.

“ಮೊದಲ್ನೇದ ಇನ್ನೊಂದ್ಸಲ ಆಕು.”

ಮನೆಗೆ ಹೋಗಿ ಸತ್ತ ಜಾಗದಲ್ಲಿಟ್ಟ ದೀಪ ನೋಡಬೇಕೆಂದು ಇಂದ್ರಮ್ಮ ದೂರದಿಂದ ಕೂಗಿದಳು. ರಾಗ ಸುತ್ತಿ ಮತ್ತೆ ಮೊದಲಿಗೆ ಬಂತು. ಇನ್ನೊಮ್ಮೆ ಬಂತು.

“ಇದು ಮುಗಿಯಕಿಲ್ವಾ?”

“ಇಲ್ಲ ಅಣ್ಣ. ಆಡೋರು ಆ ಊರ ಬುಟ್ಟು ಓಗೋಗಂಟ ಬತ್ತಾನೆ ಇರ್ತದೆ.”

ಜನ ಬದುವಿನ ಮೇಲೆ ಸಾಲಾಗಿ ರಸ್ತೆಯತ್ತ ನಡೆದರು. ಮಹದೇವು ನೀರಿನಿಂದ ಕಾಲು ತೆಗೆಯದೆ, ನಾಲೆಯ ಸದ್ದು ಒಳಬರದಂತೆ ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ಕೂತೇ ಇದ್ದ.