ಹಿಂದಿನ ಮನೆಗೂ ದಾರಿ ಬೇಕು

ನಮ್ಮ ಬೀದಿಯ ಮನೆಗಳು ಎಷ್ಟು ಒತ್ತಿಕೊಂಡಿವೆ ಎಂದರೆ, ಒಬ್ಬರ ಒಲೆಯ ಹೊಗೆಗೆ ಪಕ್ಕದ ಮನೆಯ ಮಗು ಕೆಮ್ಮುತ್ತದೆ. ಪೆರುಮಾಳ್ ಅವರ ಮನೆಯಲ್ಲಂತೂ ಎರಡು ಕೋಣೆಗೆ ಹನ್ನೊಂದು ಜನ. ಗಂಡ ತೀರಿಕೊಂಡ ಮೇಲೆ ಅವರ ತಂಗಿ ಪೊನ್ನುತಾಯಿಯೂ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಅಲ್ಲಿಗೇ ಬಂದಿದ್ದಳು. ಮೂವರೂ ಮಲಗುತ್ತಿದ್ದದ್ದು ದನದ ಕೊಟ್ಟಿಗೆಯ ಮೂಲೆಯಲ್ಲಿ. ತನ್ನದೇ ಒಂದು ಬಾಗಿಲು ಬೇಕು ಎನ್ನುವುದೊಂದೇ ಅವಳ ಆಸೆ.

ಊರಿನ ಅಂಚಿನಲ್ಲಿ, ಕಂಬಂ ರಸ್ತೆಗೆ ತಾಗಿ, ಪೆರುಮಾಳ್‌ಗೆ ಒಂದು ಎಕರೆ ಪುಂಜೆ ಇತ್ತು. ಮಳೆ ನಂಬಿದ ಜೋಳದ ಹೊಲ. ಅದನ್ನು ಮನೆ ಜಾಗಗಳಾಗಿ ಹಂಚೋಣ ಎಂದುಕೊಂಡರು. ಒಂದು ತಮಗೆ, ಒಂದು ತಂಗಿಗೆ, ಉಳಿದದ್ದು ನೆಂಟರಿಗೆ. ಯೋಚನೆ ಒಳ್ಳೆಯದೇ. ಆದರೆ ಅಳತೆಗೆ ಅವರು ಕರೆದದ್ದು ಸರ್ವೇಯರನ್ನಲ್ಲ, ತಮ್ಮ ಜೋಡೆತ್ತನ್ನು! ಒಂದು ಬೆಳಿಗ್ಗೆ ನೇಗಿಲು ಹೂಡಿ, ಉದ್ದಕ್ಕೆ ನಡುವೆ ಒಂದು ಸಾಲು, ಅಡ್ಡಕ್ಕೆ ಐದು ಸಾಲು ಎಳೆದರು. ಹನ್ನೆರಡು ಜಾಗ ಆಯಿತು. ಕಟ್ಟಕಡೆಯದು ಪೊನ್ನುತಾಯಿಗೆ.

ಪೆರುಮಾಳ್ ಅವರ ಹೆಂಡತಿಯ ಅಣ್ಣ ತಂಗರಾಜ್ ಇಪ್ಪತ್ತು ವರ್ಷ ಸರ್ವೇಯರ್ ಜೊತೆ ಅಳತೆಯ ಸರಪಳಿ ಎಳೆದವರು. ಅವತ್ತು ಸಂಜೆ ಹೊಲದ ಬದುವಿನ ಮೇಲೆ ನಿಂತು ನೋಡಿ ನಕ್ಕರು.

"ಏನ್ ಮಚ್ಚಾನ್, ಮನೆ ಕಟ್ತೀರಾ, ಕಡಲೆ ಬಿತ್ತೀರಾ? ದಾರಿ ಎಲ್ಲಿ?"

"ದಾರಿ ಯಾತಕ್ಕೆ? ಎಲ್ಲಾರೂ ನಮ್ಮ ಸೊಂತಕಾರರೇ, ನೆಂಟರೇ. ಯಾರ ಅಂಗಳದಾಗೆ ನಡೆದ್ರೂ ನಮ್ಮ ಅಂಗಳನೇ."

"ಒಪ್ಪಿಗೆ ತಗೊಂಡ್ರಾ? ಕಾಗದದಲ್ಲಿ ಇದು ಇನ್ನೂ ಹೊಲ. ಮನೆ ಜಾಗ ಮಾಡೋಕೆ ಮೊದಲು ಪಂಚಾಯತಿಗೆ ಅರ್ಜಿ ಕೊಡಬೇಕು."

ಪೆರುಮಾಳ್‌ಗೆ ಸಿಟ್ಟು ಬಂತು. "ನಮ್ಮ ತಾತ ಉತ್ತ ನೆಲಕ್ಕೆ ಇನ್ನೊಬ್ಬನ ಒಪ್ಪಿಗೆಯಾ? ದಾರಿ ಬಿಡು, ಬಯಲು ಬಿಡು ಅಂತಾರೆ. ಕೊನೆಗೆ ನನಗೆ ಉಳಿಯೋದು ಆಕಾಶ!"

ತಂಗರಾಜ್ ಪೊನ್ನುತಾಯಿಯನ್ನು ಕರೆದರು.

"ತಂಗಚ್ಚಿ, ಹೊಲದ ರಸ್ತೆ ಬದಿ ಬಾವಿಯಿಂದ ಒಂದು ಕೊಡ ನೀರು ತಗೊಂಡು ನಿನ್ನ ಜಾಗಕ್ಕೆ ಹೋಗು. ಒಂದೇ ಮಾತು. ಬೇರೆಯವರ ಜಾಗಕ್ಕೆ ಕಾಲಿಡಬಾರದು."

ಅವಳು ನೀರು ಸೇದಿ, ಕೊಡವನ್ನು ಸೊಂಟಕ್ಕೇರಿಸಿ ಹೊರಟಳು. ಮೊದಲ ಸಾಲಿನ ಹತ್ತಿರವೇ ನಿಂತುಬಿಟ್ಟಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಎಲ್ಲೂ ದಾರಿಯಿಲ್ಲ. ಎದುರಿಗೆ ಆಂಡಿಪಟ್ಟಿಯ ನೆಂಟ ಲಕ್ಷ್ಮಣನ್ ಆಗಲೇ ತನ್ನ ಪಾಲಿಗೆ ಮುಳ್ಳಿನ ಬೇಲಿ ಹಾಕಿದ್ದ.

"ಬಾಮ್ಮಾ ಬಾ, ದಾಟಿ ಬಾ," ಎಂದು ಲಕ್ಷ್ಮಣನ್ ಬೇಲಿಯ ಆಚೆಯಿಂದ ಕೂಗಿದ. "ಆ ಮುಳ್ಳು ಆಡಿಗೆ ಹಾಕಿದ್ದು, ನಿನಗಲ್ಲ."

"ಮುಳ್ಳಿಗೆ ಅದು ಗೊತ್ತಾ ಅಣ್ಣಾ?" ಎಂದಳು ಪೊನ್ನುತಾಯಿ.

ಯಾರೂ ನಗಲಿಲ್ಲ. ಕೊಡದಿಂದ ತುಳುಕಿದ ನೀರು ಅವಳ ಸೀರೆಯನ್ನು ನೆನೆಸುತ್ತಿತ್ತು. ಅವಳು ಅಣ್ಣನ ಕಡೆ ತಿರುಗಿದಳು. "ಇವತ್ತು ಲಕ್ಷ್ಮಣಣ್ಣ ಬಿಡ್ತಾನೆ. ನಾಳೆ ಅವನ ಸೊಸೆ ಬಿಡ್ತಾಳಾ? ನನ್ನ ಮಕ್ಕಳ ಮದುವೆಗೆ ವಂಡಿ ಹೆಂಗೆ ಬರ್ತದೆ? ನಾನು ಸತ್ರೆ ಎತ್ಕೊಂಡು ಹೋಗೋದು ಯಾರ ಅಂಗಳದಾಗೆ? ಅದರ ಬದಲು ಕೊಟ್ಟಿಗೇನೇ ಸಾಕು ಅಣ್ಣಾ. ಕೊಟ್ಟಿಗೆಗೆ ದಾರಿ ಐತೆ."

ಪೆರುಮಾಳ್ ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡರು. "ದಾರಿ ಬಿಟ್ರೆ ಎಲ್ಲಾರ ಜಾಗನೂ ಚಿಕ್ಕದಾಗ್ತದಲ್ಲಾ," ಎಂದರು. ದನಿ ಆಗಲೇ ಇಳಿದಿತ್ತು.

ಅಷ್ಟರಲ್ಲಿ ಗಂಟೆಯ ಸದ್ದು ಕೇಳಿಸಿತು. ಬೆಟ್ಟದ ಕಡೆಯಿಂದ ತಂಬಿರಾನ್ ದನಗಳು, ಅಂದರೆ ನಮ್ಮ ಕುಲದವರು ದೇವರಿಗೆ ಬಿಟ್ಟ ಮಂದೆ, ಸಂಜೆಗೆ ದೊಡ್ಡಿಗೆ ಮರಳುತ್ತಿದ್ದವು. ಆ ಮಂದೆಗೆ ನಾವು ಯಾರೂ ಕೋಲೆತ್ತುವುದಿಲ್ಲ, ಅಡ್ಡ ನಿಲ್ಲುವುದಿಲ್ಲ. ಪೆರುಮಾಳ್ ಅವರ ತಾತನ ಕಾಲದಿಂದ ಹೊಲದ ನಡುವೆ ಒಂದು ಪಟ್ಟಿಯನ್ನು ಅವುಗಳಿಗಾಗಿ ಬಿತ್ತದೆ ಬಿಡುವುದು ವಾಡಿಕೆ. ದನಗಳು ಎಂದಿನಂತೆ ಆ ಪಟ್ಟಿಯಲ್ಲೇ ನಡೆದವು. ಪೆರುಮಾಳ್ ನಡುವೆ ಎಳೆದ ಸಾಲು ಅವುಗಳ ಗೊರಸಿಗೆ ಅಳಿಸಿಹೋಯಿತು. ಎಲ್ಲಕ್ಕೂ ಮುಂದಿದ್ದ ಎತ್ತು ಲಕ್ಷ್ಮಣನ ಬೇಲಿಯ ಮೂಲೆಗೆ ಬಂದು ನಿಂತಿತು. ಹಿಂದೆ ಇಡೀ ಮಂದೆ ನಿಂತಿತು.

"ಅಯ್ಯೋ ಸಾಮೀ!" ಎಂದು ಲಕ್ಷ್ಮಣನ್ ಓಡಿಬಂದು ಬರಿಗೈಯಲ್ಲೇ ಮುಳ್ಳು ಕಿತ್ತ.

ಮಂದೆ ದಾಟಿಹೋದ ಮೇಲೆ ತಂಗರಾಜ್ ಅಂದರು: "ಇಪ್ಪತ್ತು ಅಡಿ ಅಗಲ ಅದೆ ಮಚ್ಚಾನ್. ನಿಮ್ಮ ತಾತ ಆಗಲೇ ದಾರಿ ಬಿಟ್ಟವ್ರೆ. ಆದ್ರೆ ಅದು ಬಾಯಿಮಾತಲ್ಲಿ ಮಾತ್ರ ಐತೆ. ಬಾಯಿಮಾತು ನಮ್ಮ ಜೊತೆ ಹೋಗ್ತದೆ. ಕಾಗದ ಮೊಮ್ಮಕ್ಕಳಿಗೂ ಉಳೀತದೆ."

ಮಾರನೆಯ ದಿನವೇ ಪೆರುಮಾಳ್ ಊರಿನ ಜಮೀನಿನ ಲೆಕ್ಕ ಬರೆಯುವ ಕರ್ಣಂ ಹತ್ತಿರ ಹೋಗಿ ಹೊಲದ ದಾಖಲೆ ನೋಡಿಸಿದರು. ಸರ್ವೇಯರ್ ಬಂದು ಸರಪಳಿ ಹಿಡಿದು ನಕ್ಷೆ ಬರೆದರು. ನಡುವೆ ಇಪ್ಪತ್ತು ಅಡಿ ದಾರಿ. ಬಾವಿಯ ಸುತ್ತ ಎಲ್ಲರಿಗೂ ಸೇರಿದ ಬಯಲು. ಹನ್ನೆರಡು ಜಾಗ ಹನ್ನೊಂದಾಯಿತು. ನಕ್ಷೆ ಸೇರಿಸಿ ಪಂಚಾಯತಿಗೆ ಅರ್ಜಿ ಕೊಟ್ಟರು. ಮೂರು ಸಲ ತಿರುಗಬೇಕಾಯಿತು, ಸುಳ್ಳು ಹೇಳುವುದಿಲ್ಲ. ನಾಲ್ಕನೆಯ ತಿಂಗಳು ಒಪ್ಪಿಗೆ ಬಂತು. ಆಮೇಲೆಯೇ ಜಾಗಗಳು ಒಬ್ಬೊಬ್ಬರ ಹೆಸರಿಗೆ ರಿಜಿಸ್ಟರ್ ಆದವು.

ಪೊನ್ನುತಾಯಿಯ ಮನೆಯ ಮಣ್ಣಿನ ಗೋಡೆ ಈಗ ಎದೆಯೆತ್ತರ ಎದ್ದಿದೆ. ಬಾಗಿಲು ದಾರಿಯ ಕಡೆಗೆ. ಗೋಡೆಗೆ ಬೇಕಾದ ನೀರನ್ನು ಅವಳೇ ಬಾವಿಯಿಂದ ಹೊರುತ್ತಾಳೆ, ಯಾರನ್ನೂ ಕೇಳದೆ.

ಅಣ್ಣಂದಿರೇ, ಅಕ್ಕಂದಿರೇ, ನೀವೂ ಹೊಲವನ್ನು ಮನೆ ಜಾಗ ಮಾಡುವ ಯೋಚನೆಯಲ್ಲಿದ್ದರೆ, ನೇಗಿಲು ಹೂಡುವ ಮೊದಲು ನಿಮ್ಮ ಮನೆಯ ಹೆಣ್ಣುಮಗಳ ಸೊಂಟಕ್ಕೆ ಒಂದು ಕೊಡ ನೀರು ಕೊಡಿ. ಕಟ್ಟಕಡೆಯ ಜಾಗದವರೆಗೆ ನಡೆಯಲು ಹೇಳಿ. ಅವಳು ನಡುವೆ ಎಲ್ಲಾದರೂ ನಿಂತರೆ, ನೀವೂ ಅಲ್ಲೇ ನಿಲ್ಲಿ. ದಾರಿ ಬಿಡಿ, ನಕ್ಷೆ ಬರೆಸಿ, ಪಂಚಾಯತಿಯ ಒಪ್ಪಿಗೆ ಪಡೆಯಿರಿ. ಗೋಡೆ ಎಬ್ಬಿಸುವುದು ಆಮೇಲೆ.