ಹೇಳಿ ಹೊಡೆದ ಶಾಟ್

ಬ್ಯಾಸ್ಕೆಟ್‌ಬಾಲ್‌ನಲ್ಲಿ ಹಲಗೆಗೆ ತಾಗಿ ಬುಟ್ಟಿಗೆ ಬಿದ್ದ ಚೆಂಡನ್ನು ಎಲ್ಲ ಕಡೆಯೂ ಬ್ಯಾಂಕ್ ಶಾಟ್ ಎನ್ನುತ್ತಾರೆ, ಅಂಕ ಕೊಡುತ್ತಾರೆ. ಆ ಉಡುಪು ಕಾರ್ಖಾನೆಯ ಹಿಂದಿನ ಅಂಗಳದಲ್ಲಿ ಮಾತ್ರ ಎಸೆಯುವ ಮೊದಲೇ "ಬೋರ್ಡ್" ಎಂದು ಬಾಯಿಬಿಟ್ಟು ಹೇಳಬೇಕು. ಹೇಳದೆ ಬಿದ್ದರೆ ಅದು ಕುರುಡ ಎಸೆದ ಕಲ್ಲು, ಲೆಕ್ಕಕ್ಕಿಲ್ಲ.

ಕಾರ್ಖಾನೆಯ ತಂಡದಲ್ಲಿ ಒಂದೇ ಜಾಗ ಖಾಲಿಯಿತ್ತು. ಸಿಕ್ಕವಳಿಗೆ ಕೆಲಸ ಕಾಯಂ. ಕೊನೆಗೆ ಉಳಿದವರು ಇಬ್ಬರು: ಗುಂಡಿ ಹೊಲಿಯುವ ಗುಬ್ಬಿ, ಇಸ್ತ್ರಿ ವಿಭಾಗದಲ್ಲಿದ್ದ ಅವಳ ಅತ್ತಿಗೆ. ಗುಬ್ಬಿಯ ದನಿ ಸಣ್ಣದು, ಅದಕ್ಕೇ ಆ ಹೆಸರು. ಅವಳಿಗೆ ಆಟ ಕಲಿಸಿದವಳು ಅತ್ತಿಗೆಯೇ. ಮದುವೆಯಾಗಿ ಬಂದ ಹೊಸದರಲ್ಲಿ ಗುಬ್ಬಿಯ ಮೊಣಕೈ ಹಿಡಿದು ತಿದ್ದಿ, ಹಲಗೆಯ ಮೇಲಿನ ಚೌಕದ ಮೂಲೆ ತೋರಿಸಿದ್ದಳು. "ಅಲ್ಲಿಗೆ ತಾಗಿಸು, ಮಿಕ್ಕಿದ್ದು ಅದೇ ನೋಡ್ಕೊಳ್ಳತ್ತೆ."

ಈಗ ಇಬ್ಬರೇ ಎದುರುಬದುರು. ಅಂಕ ಸಮಸಮ. ಮುಂದೆ ಬುಟ್ಟಿಗೆ ಹಾಕಿದವಳೇ ಗೆದ್ದಂತೆ. ಇಸ್ತ್ರಿ ವಿಭಾಗದವರು ಗೋಡೆಗೊರಗಿ, "ಗುಬ್ಬಿ, ಗೂಡಿಗೆ ಹೋಗೇ, ಕತ್ತಲಾಯ್ತು" ಎಂದು ಛೇಡಿಸುತ್ತಿದ್ದರು. ಅತ್ತಿಗೆ ಉಸಿರು ತಾಗುವಷ್ಟು ಹತ್ತಿರ ಅಡ್ಡ ನಿಂತಿದ್ದಳು. ಗುಬ್ಬಿ "ಬೋರ್ಡ್" ಎಂದಳು, ಪಕ್ಕಕ್ಕೆ ಸರಿದು ಎಸೆದಳು. ಚೆಂಡು ಚೌಕದ ಮೂಲೆಗೆ ತಾಗಿ ಬುಟ್ಟಿಯೊಳಗೆ ಇಳಿಯಿತು.

"ಹೇಳಿದ್ಯೇನಮ್ಮ?" ಆಚೆ ತುದಿಯಲ್ಲಿದ್ದ ಕೋಚ್ ಕೇಳಿದರು.

"ಹೇಳ್ದೆ ಸಾರ್. ಅತ್ತಿಗೆ ಇಲ್ಲೇ ಇದ್ರಲ್ಲ."

ಕೋಚ್ ಅತ್ತಿಗೆಯ ಕಡೆ ನೋಡಿದರು. ಅವಳು ಬಗ್ಗಿ, ಬಿಚ್ಚದೇ ಇದ್ದ ಷೂ ಲೇಸನ್ನು ಕಟ್ಟತೊಡಗಿದಳು.

"ನಂಗೇನೂ ಕೇಳಿಸ್ಲಿಲ್ಲ ಸಾರ್."

ಅಂಕ ಹೋಯಿತು. ಮರುಗಳಿಗೆಯಲ್ಲೇ ಅತ್ತಿಗೆ ಎಸೆದಾಗ ತಡೆಯಲು ಗುಬ್ಬಿಯ ಕೈಯೇ ಮೇಲೇಳಲಿಲ್ಲ. ಚೆಂಡು ಬುಟ್ಟಿಗೆ ಬಿತ್ತು, ತಂಡದ ಜಾಗ ಅತ್ತಿಗೆಯದಾಯಿತು. ಆಗಿನಿಂದ ಛೇಡಿಸುತ್ತಿದ್ದ ಹೆಂಗಸೊಬ್ಬಳು ಹತ್ತಿರ ಬಂದು, ತನ್ನ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ತೆಗೆದು, ಗುಬ್ಬಿಯ ಕೈಗಿಟ್ಟಳು.

ಮನೆಯ ದಾರಿಯ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತರು. ಅತ್ತಿಗೆ, "ಮೂವತ್ತು ದಾಟಿದ್ರೆ ತಂಡಕ್ಕೆ ತಗೊಳ್ಳಲ್ಲ. ನಂಗಿದೇ ಕೊನೆ. ನಿಂಗಿನ್ನೂ ವಯಸ್ಸಿದೆ" ಎಂದಳು.

"ಒಂದ್ಮಾತು ಹೇಳಿದ್ರೆ ನಾನೇ ಬಿಟ್ಕೊಡ್ತಿದ್ದೆ ಅತ್ತಿಗೆ."

"ಗೊತ್ತು. ಅದಕ್ಕೇ ಹೇಳ್ಲಿಲ್ಲ. ಜೀವಮಾನವಿಡೀ ನಿನ್ನ ಹಂಗಿನಲ್ಲಿ ಯಾರು ಬದುಕ್ತಾರೆ?"

ಇಳಿಯುವ ನಿಲ್ದಾಣ ಇನ್ನೂ ದೂರವಿತ್ತು. ಗುಬ್ಬಿ ಎದ್ದು ಬಾಗಿಲ ಬಳಿ ಕಂಬಿ ಹಿಡಿದು ನಿಂತಳು. ಖಾಲಿಯಾದ ಜಾಗದಲ್ಲಿ ಯಾರೋ ತಮ್ಮ ತರಕಾರಿ ಚೀಲ ತಂದಿಟ್ಟರು.